ಕೊಡಗಿನ ಏರಿಗೆ ಒಗ್ಗುವ ಸೈಕಲ್: ಕೊಳ್ಳುವವರಲ್ಲೂ ಮಾರುವವರಲ್ಲೂ ಒಂದು ಅರಿಕೆ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ 3ರಂದು ವಿಶ್ವ ಬೈಸಿಕಲ್ ದಿನ ಬಂದಾಗ ಸೈಕಲ್ ತುಳಿಯುವುದರಿಂದ ಹೃದಯಕ್ಕೂ ಜೇಬಿಗೂ ಗಾಳಿಗೂ ಆಗುವ ಲಾಭದ ಮಾತು ಎಲ್ಲೆಡೆ ಕೇಳಿಬರುತ್ತದೆ. ವಿಶ್ವಸಂಸ್ಥೆ 2018ರಲ್ಲಿ ಈ ದಿನವನ್ನು ಗೊತ್ತುಪಡಿಸಿದ ಮೇಲೆ ಆ ಮಾತಿಗೆ ಇನ್ನಷ್ಟು ಬಲ ಬಂದಿದೆ. ಅದರಲ್ಲಿ ನನಗೆ ಎಳ್ಳಷ್ಟೂ ಭಿನ್ನಾಭಿಪ್ರಾಯವಿಲ್ಲ. ಆದರೆ ಸೈಕಲ್ ತುಳಿಯಿರಿ ಎಂದು ಹೇಳುವವರು ಬಹಳ ಮಂದಿ ಇದ್ದರೂ, ನಲವತ್ತು ಐವತ್ತು ದಾಟಿದ ಒಬ್ಬರು ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ವಿರಾಜಪೇಟೆಯಲ್ಲೋ ಎಂಥ ಸೈಕಲ್ ತುಳಿಯಬೇಕು ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಉತ್ಸಾಹದಿಂದ ಕೊಂಡ ಸೈಕಲ್ ಕೆಲವೇ ವಾರಗಳಲ್ಲಿ ಶೆಡ್ಡಿನ ಗೋಡೆಗೆ ಒರಗಿ, ಮಳೆಗಾಲ ಮುಗಿಯುವ ಹೊತ್ತಿಗೆ ಚೈನು ತುಕ್ಕು ಹಿಡಿದು ನಿಲ್ಲುವುದನ್ನು ನಮ್ಮ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಕಾರಣ ಕೇಳಿದರೆ ‘ವಯಸ್ಸಾಯಿತು’ ಅಥವಾ ‘ಇದು ಗುಡ್ಡದ ಊರು, ಇಲ್ಲಿ ಸೈಕಲ್ ಆಗಿಬರುವುದಿಲ್ಲ’ ಎಂಬ ಉತ್ತರ ಸಿಗುತ್ತದೆ. ಈ ಎರಡೂ ಉತ್ತರಗಳನ್ನು ನಾನು ಒಪ್ಪುವುದಿಲ್ಲ. ಹೆಚ್ಚಿನ ಕಡೆ ದೋಷವಿರುವುದು ಸವಾರರ ಮೊಣಕಾಲಿನಲ್ಲೂ ಅಲ್ಲ, ಕೊಡಗಿನ ರಸ್ತೆಯಲ್ಲೂ ಅಲ್ಲ. ಬಯಲುಸೀಮೆಯ ರಸ್ತೆಗೆಂದು ಜೋಡಿಸಿದ ಸೈಕಲನ್ನು ಬಣ್ಣ ಮತ್ತು ಬೆಲೆ ಎರಡನ್ನೇ ನೋಡಿ ಇಲ್ಲಿಗೆ ತಂದದ್ದರಲ್ಲಿ.

ನಮ್ಮಲ್ಲಿ ಹಲವರು ಸೈಕಲ್ ಕೊಳ್ಳಲು ಮೈಸೂರಿಗೆ ಹೋಗುತ್ತಾರೆ. ಮೈಸೂರಿನಲ್ಲಿ 2017ರಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್‌ಗಳನ್ನು ತುಳಿದು ನೋಡಿ, ಅಂಥದ್ದೇ ಒಂದು ಮನೆಗೂ ಇರಲಿ ಎಂದು ಮನಸ್ಸು ಮಾಡಿದವರೂ ಇದ್ದಾರೆ. ಅಗಲವಾದ, ಬಹುಪಾಲು ಸಮತಟ್ಟಾದ ಅಲ್ಲಿನ ಬೀದಿಗೆ ಅದು ಸರಿಯಾದದ್ದೇ. ಆದರೆ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಕುಶಾಲನಗರದಿಂದ 1,150 ಮೀಟರ್ ದಾಟಿದ ಮಡಿಕೇರಿಗೆ ಬರುವ ದಾರಿ ಮುನ್ನೂರು ಮೀಟರ್ ಏರುವುದು ಮಾತ್ರವಲ್ಲದೆ, ನಡುವೆ ಹಲವು ಬಾರಿ ಇಳಿದು ಮತ್ತೆ ಏರುತ್ತದೆ. ಇನ್ನು ಮಡಿಕೇರಿ ಪಟ್ಟಣದೊಳಗಿನ ಕೆಲವು ಅಡ್ಡರಸ್ತೆಗಳ ಚಡಾವಿನಲ್ಲಿ ನಡೆದು ಹೋಗುವವರೇ ಒಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಭಾಗಮಂಡಲದಿಂದ ತಲಕಾವೇರಿಗೆ ಇರುವ ಎಂಟು ಕಿಲೋಮೀಟರ್ ದಾರಿಯನ್ನಂತೂ ಹೇಳುವುದೇ ಬೇಡ. ಇಂಥ ನೆಲದಲ್ಲಿ ಸೈಕಲ್ ಆರಿಸುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅದು ಎಷ್ಟು ವೇಗವಾಗಿ ಓಡುತ್ತದೆ ಎಂಬುದಲ್ಲ. ಎಷ್ಟು ನಿಧಾನವಾಗಿ, ಕಾಲಿಗೆ ಭಾರವಾಗದಂತೆ ಏರುತ್ತದೆ ಎಂಬುದು.

ಅದನ್ನು ಲೆಕ್ಕ ಹಾಕಿ ತಿಳಿಯುವುದು ಕಷ್ಟವಲ್ಲ. ಪೆಡಲಿಗೆ ಅಂಟಿಕೊಂಡಿರುವ ಮುಂದಿನ ಚೈನ್‌ವೀಲಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಫ್ರೀವೀಲಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಎಷ್ಟು ಸುತ್ತು ತಿರುಗುತ್ತದೆ ಎಂಬುದು ಸಿಗುತ್ತದೆ. ನಮ್ಮ ಹಿರಿಯರ ಕಾಲದ ಡಬ್ಬಲ್ ಬಾರ್ ಸೈಕಲಿನಲ್ಲಿ ಸಾಮಾನ್ಯವಾಗಿ ಮುಂದೆ 44, ಹಿಂದೆ 18 ಹಲ್ಲು ಇರುತ್ತಿತ್ತು. ಅಂದರೆ ಪೆಡಲಿನ ಒಂದು ಸುತ್ತಿಗೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗಿ, ಸೈಕಲ್ ಐದೂವರೆ ಮೀಟರ್‌ನಷ್ಟು ಮುಂದೆ ಹೋಗುತ್ತದೆ. ಏರಿನಲ್ಲಿ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರ ಅದರಲ್ಲಿ ನಿಮಿಷಕ್ಕೆ ಇಪ್ಪತ್ತೈದು ಸುತ್ತಿಗಿಂತ ಹೆಚ್ಚು ತುಳಿಯಲಾರ. ಪ್ರತಿ ತುಳಿತಕ್ಕೂ ಸೀಟಿನಿಂದ ಎದ್ದು ಮೈಭಾರವನ್ನೆಲ್ಲ ಹಾಕಬೇಕು, ಆ ಭಾರವನ್ನೆಲ್ಲ ಮೊಣಕಾಲಿನ ಚಿಪ್ಪು ಹೊರಬೇಕು. ಅದೇ ಏರನ್ನು ಅದೇ ವೇಗದಲ್ಲಿ, ಪೆಡಲಿನ ಒಂದು ಸುತ್ತಿಗೆ ಒಂದು ಮುಕ್ಕಾಲು ಮೀಟರ್ ಮಾತ್ರ ಸಾಗುವ ಗೇರಿನಲ್ಲಿ ಹತ್ತಿದರೆ ಕಾಲು ನಿಮಿಷಕ್ಕೆ ಎಪ್ಪತ್ತಾರರಷ್ಟು ಸುತ್ತು ಹಗುರವಾಗಿ ತಿರುಗುತ್ತದೆ. ಮಾಡುವ ಒಟ್ಟು ಕೆಲಸ ಒಂದೇ. ಮೂರು ಮೂಟೆ ಕಾಫಿಯನ್ನು ಒಟ್ಟಿಗೆ ಹೊರಲು ಹೋಗುವುದಕ್ಕೂ ಒಂದೊಂದಾಗಿ ಕಣಕ್ಕೆ ಸಾಗಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯದೂ ಹೌದು. ಮಧ್ಯವಯಸ್ಸಿನ ಮೊಣಕಾಲಿಗೆ ಬೇಕಾದದ್ದು ಈ ಎರಡನೆಯ ಬಗೆ.

ಆದುದರಿಂದ ಅಂಗಡಿಯಲ್ಲಿ ‘ಇದು 21 ಗೇರ್, ಅದು 24 ಗೇರ್’ ಎಂದು ಹೇಳುವಾಗ ಆ ಸಂಖ್ಯೆಗೆ ಮರುಳಾಗಬಾರದು. ಮುಂದೆ 48, 38, 28 ಹಲ್ಲುಗಳ ಮೂರು ಚೈನ್‌ವೀಲ್, ಹಿಂದೆ 14ರಿಂದ 28 ಹಲ್ಲಿನವರೆಗೆ ಏಳು ಫ್ರೀವೀಲ್ ಇರುವ 21 ಗೇರಿನ ಸೈಕಲಿನಲ್ಲಿ ಅತ್ಯಂತ ಹಗುರವಾದ ಗೇರ್ ಎಂದರೆ 28ಕ್ಕೆ 28, ಅಂದರೆ ಒಂದಕ್ಕೆ ಒಂದು. ಮುಂದೆ 32 ಹಲ್ಲಿನ ಒಂದೇ ಚೈನ್‌ವೀಲ್, ಹಿಂದೆ 34 ಹಲ್ಲಿನವರೆಗೆ ಏಳೇ ಏಳು ಫ್ರೀವೀಲ್ ಇರುವ ಸೈಕಲ್ ಅದಕ್ಕಿಂತ ಹಗುರವಾಗಿ ಏರುತ್ತದೆ. ಹೀಗೆ ಇಪ್ಪತ್ತೊಂದಕ್ಕಿಂತ ಏಳು ಮೇಲಾಗಬಲ್ಲದು ಎಂದರೆ ಕೊಳ್ಳುವವರು ನಂಬುವುದಿಲ್ಲ. ಹಲ್ಲು ಎಣಿಸಿದರೆ ಮಾತ್ರ ನಂಬಿಕೆ ಬರುತ್ತದೆ. ನನ್ನ ಅನಿಸಿಕೆಯಲ್ಲಿ, ಮಡಿಕೇರಿ, ಸೋಮವಾರಪೇಟೆ, ಭಾಗಮಂಡಲದ ಕಡೆಯವರು ಹಿಂದಿನ ದೊಡ್ಡ ಫ್ರೀವೀಲಿನ ಹಲ್ಲು ಮುಂದಿನ ಸಣ್ಣ ಚೈನ್‌ವೀಲಿನ ಹಲ್ಲಿಗಿಂತ ಹೆಚ್ಚಿರುವ ಸೈಕಲನ್ನೇ ಕೊಳ್ಳಬೇಕು. ಈ ಒಂದು ಷರತ್ತು ಈಡೇರದಿದ್ದರೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು.

ಈಗಾಗಲೇ ಕೊಂಡವರು ನಿರಾಶರಾಗಬೇಕಿಲ್ಲ. ನಮ್ಮ ನೆರೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ, ಐವತ್ತು ದಾಟಿದ ಒಬ್ಬರು ಕೆಲಸಗಾರರ ಲೈನ್‌ಮನೆಗಳಿಗೂ ಕಣಕ್ಕೂ ಓಡಾಡಲೆಂದು ಹೊಳೆಯುವ ಹೊಸ ಗೇರ್ ಸೈಕಲ್ ತಂದಿದ್ದರು. ತೋಟದ ಗೇಟಿನಿಂದ ಕಣದವರೆಗಿನ ಏರನ್ನು ಹತ್ತಿದ ದಿನವೆಲ್ಲ ಮೊಣಕಾಲಿಗೆ ಮುಲಾಮು ಹಚ್ಚುವಂತಾಗಿ, ಮಾರಿಬಿಡುವ ಯೋಚನೆ ಮಾಡಿದ್ದರು. ಹಿಂದಿನ ಗಾಲಿಯನ್ನು ಮೇಲಕ್ಕೆತ್ತಿ ಪೆಡಲ್ ತಿರುಗಿಸುತ್ತ ನಾವಿಬ್ಬರೂ ಹಲ್ಲು ಎಣಿಸಿದಾಗ ಮೇಲೆ ಹೇಳಿದ 28ಕ್ಕೆ 28ರ ಲೆಕ್ಕವೇ ಸಿಕ್ಕಿತು. ಸೈಕಲ್ ಶಾಪಿನವರು ಆ ಏಳು ಫ್ರೀವೀಲಿನ ಗೊಂಚಲನ್ನು ತೆಗೆದು 14ರಿಂದ 34 ಹಲ್ಲಿನ ಇನ್ನೊಂದನ್ನು ಕೂರಿಸಿ, ಚೈನಿಗೆ ಕೆಲವು ಕೊಂಡಿ ಸೇರಿಸಿ ಉದ್ದ ಮಾಡಿಕೊಟ್ಟರು. ಹೊಸ ಸೈಕಲಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಈಗಲೂ ಅವರು ಅದೇ ಸೈಕಲಿನಲ್ಲಿ ಕಣಕ್ಕೆ ಹೋಗುತ್ತಾರೆ. ಹೀಗೆ ಬದಲಿಸುವ ಮುನ್ನ, ಹಿಂದೆ ಗೇರ್ ಬದಲಿಸುವ ಡಿರೇಲರ್ ಅಷ್ಟು ದೊಡ್ಡ ಫ್ರೀವೀಲನ್ನು ತಾಳಿಕೊಳ್ಳುತ್ತದೆಯೇ ಎಂದು ಶಾಪಿನವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಏರಿದ್ದನ್ನು ಇಳಿಯಲೇಬೇಕು, ಅಲ್ಲಿ ಬ್ರೇಕಿನ ಮಾತು ಬರುತ್ತದೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಡಿಕೇರಿಯಂಥ ಊರಿನಲ್ಲಿ ಬ್ರೇಕನ್ನು ಒಣ ರಸ್ತೆಯಲ್ಲಿ ಹಿಡಿದು ನೋಡಿ ಮೆಚ್ಚುವುದು ಸಾಲದು. ಅಗ್ಗದ ಸೈಕಲುಗಳಲ್ಲಿ ಈಗಲೂ ಇರುವ, ಕ್ರೋಮ್ ಹಚ್ಚಿದ ಕಬ್ಬಿಣದ ರಿಮ್ಮು ಒದ್ದೆಯಾದಾಗ ಬ್ರೇಕ್ ರಬ್ಬರಿನ ಹಿಡಿತಕ್ಕೆ ಸಿಗದೆ ಜಾರುತ್ತದೆ. ಹಿಡಿ ಪೂರ್ತಿ ಒತ್ತಿದರೂ ಗಾಲಿ ಒಂದೆರಡು ಸುತ್ತು ಸುಮ್ಮನೆ ತಿರುಗಿ, ರಿಮ್ಮಿನ ಮೇಲಿನ ನೀರು ಒರೆಸಿಹೋದ ಮೇಲಷ್ಟೇ ರಬ್ಬರು ಹಿಡಿಯಲು ಆರಂಭಿಸುತ್ತದೆ. ತಿರುವಿನಲ್ಲಿ ಎದುರಿಗೆ ಬಸ್ಸು ಕಂಡಾಗ ಆ ಒಂದೆರಡು ಸುತ್ತು ಬಹಳ ದೊಡ್ಡದು. ಅಲ್ಯೂಮಿನಿಯಂ ರಿಮ್ಮು ಇದ್ದರೆ ಒದ್ದೆಯಲ್ಲಿಯೂ ಹಿಡಿತ ಎಷ್ಟೋ ಉತ್ತಮ, ಆದರೆ ಕೆಸರು ಮೆತ್ತಿದ ರಸ್ತೆಯಲ್ಲಿ ಮರಳಿನ ಕಣಗಳು ರಬ್ಬರಿಗೆ ಸೇರಿಕೊಂಡು ರಿಮ್ಮನ್ನೇ ಅರೆಯುತ್ತವೆ. ಒಂದೇ ಮಳೆಗಾಲದಲ್ಲಿ ರಬ್ಬರು ಸವೆದುಹೋಗುವುದೂ ಉಂಟು. ಡಿಸ್ಕ್ ಬ್ರೇಕಿನ ತಟ್ಟೆ ರಿಮ್ಮಿನಿಂದ ದೂರ, ಗಾಲಿಯ ನಡುವಿನಲ್ಲಿ ಇರುವುದರಿಂದ ರಸ್ತೆಯ ನೀರು ಮತ್ತು ಕೆಸರು ಅಷ್ಟಾಗಿ ಅದನ್ನು ಮುಟ್ಟುವುದಿಲ್ಲ. ಕೊಡಗಿನ ಪಶ್ಚಿಮ ಭಾಗದಲ್ಲಿ ಮಳೆಗಾಲದಲ್ಲೂ ತುಳಿಯುವೆನೆಂಬ ಸಂಕಲ್ಪವಿದ್ದವರು ಡಿಸ್ಕ್ ಬ್ರೇಕಿಗೆಂದು ಹೆಚ್ಚು ಕೊಡುವ ಹಣ ವ್ಯರ್ಥವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕಾದರೆ ನಮ್ಮ ಊರಿನ ಶಾಪಿನಲ್ಲಿಯೇ ರಿಪೇರಿಯಾಗುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು ಎರಡು ಬೆರಳಿಗೇ ಬಗ್ಗುವಷ್ಟು ಹಗುರ, ಆದರೆ ಅದನ್ನು ಬಿಚ್ಚಿ ಸರಿಮಾಡಬಲ್ಲವರು ಸಮೀಪದಲ್ಲಿ ಇದ್ದಾರೆಯೇ ಎಂದು ವಿಚಾರಿಸಿಯೇ ಕೊಳ್ಳಬೇಕು.

ಮಡಿಕೇರಿಯಿಂದ ಸಂಪಾಜೆಯವರೆಗೆ ಸಾವಿರ ಮೀಟರಿನಷ್ಟು ಇಳಿಯುವ ಘಾಟಿಯಲ್ಲಿ ಸೈಕಲ್ ಬಿಡುವ ಉತ್ಸಾಹಿಗಳಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬ್ರೇಕನ್ನು ಸತತವಾಗಿ ಒತ್ತಿಹಿಡಿದೇ ಇಳಿದರೆ ಸವಾರನೂ ಸೈಕಲೂ ಸೇರಿದ ಭಾರದ ಶಕ್ತಿಯೆಲ್ಲ ಶಾಖವಾಗಿ ರಿಮ್ಮಿಗೋ ಡಿಸ್ಕಿಗೋ ಸೇರುತ್ತದೆ. ಕಾದ ಬ್ರೇಕಿನ ಹಿಡಿತ ಕುಗ್ಗುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಸ್ವಲ್ಪ ಹೊತ್ತು ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಮತ್ತೆ ಬಿಟ್ಟು ಆರಲು ಅವಕಾಶ ಕೊಡುತ್ತ ಇಳಿಯುವುದು ಕ್ಷೇಮ.

ಗೇರು ಬ್ರೇಕುಗಳಷ್ಟೇ ಮುಖ್ಯವಾದ, ಆದರೆ ನಮ್ಮಲ್ಲಿ ತೀರ ಅಲಕ್ಷ್ಯಕ್ಕೆ ಒಳಗಾದ ಸಂಗತಿ ಅಳತೆ. ಚಪ್ಪಲಿ ಕೊಳ್ಳುವಾಗ ನಂಬರ್ ಕೇಳುವ ನಾವು ಸೈಕಲ್ ಕೊಳ್ಳುವಾಗ ಗಾಲಿಯ ಇಂಚನ್ನು ಮಾತ್ರ ಕೇಳುತ್ತೇವೆ. ಇಪ್ಪತ್ತಾರು ಇಂಚಿನ ಗಾಲಿಯ ಸೈಕಲಿನಲ್ಲೇ ಗಿಡ್ಡ ಚೌಕಟ್ಟು, ಎತ್ತರದ ಚೌಕಟ್ಟು ಎಂದು ಬೇರೆ ಬೇರೆ ಇರುತ್ತವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೆಯ ತರಗತಿಯ ಮಕ್ಕಳಿಗೆ ಸಿಕ್ಕಿದ್ದ ಸೈಕಲನ್ನೇ, ಮಕ್ಕಳು ಕಾಲೇಜು ಮುಗಿಸಿ ಬೆಂಗಳೂರು ಸೇರಿದ ಮೇಲೆ, ಮನೆಯ ಹಿರಿಯರು ಹಾಲಿನ ಡೇರಿಗೂ ನ್ಯಾಯಬೆಲೆ ಅಂಗಡಿಗೂ ಒಯ್ಯುವುದನ್ನು ನೋಡಿದ್ದೇನೆ. ವಸ್ತುವನ್ನು ಹಾಳುಗೆಡವದೆ ಬಳಸುವ ಆ ಗುಣವನ್ನು ಗೌರವಿಸುತ್ತೇನೆ. ಆದರೆ ಹದಿಮೂರು ವರ್ಷದ ಮಗುವಿನ ಅಳತೆಯ ಸೈಕಲಿನಲ್ಲಿ ಐದೂಮುಕ್ಕಾಲು ಅಡಿ ಎತ್ತರದವರು ಕುಳಿತಾಗ ಮೊಣಕಾಲು ಎದೆಯವರೆಗೆ ಮಡಚಿಕೊಂಡು, ತೊಡೆಯ ಬಲವೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಸೀಟನ್ನು ಎತ್ತರಿಸಿ ಸರಿಪಡಿಸುತ್ತೇವೆಂದು ಸೀಟಿನ ಕಂಬವನ್ನು ಅದರ ಮೇಲೆ ಕೊರೆದಿರುವ ಮಿತಿಯ ಗೆರೆ ಹೊರಗೆ ಕಾಣುವವರೆಗೂ ಎಳೆಯುವುದು ಅಪಾಯ. ಆ ಗೆರೆ ಯಾವಾಗಲೂ ಚೌಕಟ್ಟಿನ ಕೊಳವೆಯ ಒಳಗೇ ಇರಬೇಕು. ಇಲ್ಲವಾದರೆ ಗುಂಡಿಗೆ ಇಳಿದಾಗ ಕಂಬ ಬಾಗಬಹುದು, ಚೌಕಟ್ಟೇ ಸೀಳಬಹುದು.

ಅಳತೆ ತೆಗೆಯುವುದನ್ನು ಮನೆಯಲ್ಲೇ ಮಾಡಬಹುದು. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆದರೆ ಕಾಲಿನ ಒಳ ಅಳತೆ ಸಿಗುತ್ತದೆ. ಒಂದೇ ಎತ್ತರದ ಇಬ್ಬರಲ್ಲಿ ಈ ಅಳತೆ ಎರಡು ಮೂರು ಇಂಚು ವ್ಯತ್ಯಾಸವಾಗಬಹುದಾದ್ದರಿಂದ ಎತ್ತರವನ್ನಷ್ಟೇ ಹೇಳಿದರೆ ಸಾಲದು. ಅಂಗಡಿಯಲ್ಲಿ ಸೈಕಲಿನ ಮೇಲಿನ ಬಾರನ್ನು ಕಾಲುಗಳ ನಡುವೆ ಇಟ್ಟು, ಎರಡೂ ಪಾದ ನೆಲಕ್ಕೂರಿ ನಿಂತಾಗ ಬಾರಿಗೂ ದೇಹಕ್ಕೂ ನಡುವೆ ಡಾಂಬರು ರಸ್ತೆಗಾದರೆ ಎರಡು ಮೂರು ಬೆರಳಿನಷ್ಟು, ತೋಟದ ಕಚ್ಚಾ ದಾರಿಗಾದರೆ ನಾಲ್ಕು ಬೆರಳಿಗಿಂತ ಹೆಚ್ಚು ಜಾಗ ಇರಬೇಕು. ಸೀಟಿನ ಎತ್ತರಕ್ಕೆ ಪ್ರಚಲಿತವಾಗಿರುವ ಲೆಕ್ಕವೊಂದಿದೆ: ಒಳ ಅಳತೆಯನ್ನು 0.88ರಿಂದ ಗುಣಿಸಿದರೆ ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಯವರೆಗಿನ ದೂರ ಸಿಗುತ್ತದೆ. ಒಳ ಅಳತೆ 80 ಸೆಂಟಿಮೀಟರ್ ಇರುವವರಿಗೆ ಅದು 70ರ ಆಸುಪಾಸಿನಲ್ಲಿರುತ್ತದೆ. ಲೆಕ್ಕ ಬೇಡವೆನ್ನುವವರು ಸೀಟಿನಲ್ಲಿ ಕುಳಿತು, ಅತ್ಯಂತ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟು ನೋಡಲಿ. ಆಗ ಕಾಲು ನೇರವಾಗಿ ಚಾಚಿಕೊಂಡರೆ, ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಬೇಕಾದಷ್ಟು ಬಾಗು ತಾನಾಗಿ ಉಳಿಯುತ್ತದೆ. ಬಹಳ ವರ್ಷಗಳ ನಂತರ ಸೈಕಲ್ ಹತ್ತುವವರು ಮೊದಲ ಕೆಲವು ದಿನ ಕಾಲು ನೆಲಕ್ಕೆ ಸಿಗುವಂತೆ ಸೀಟನ್ನು ತಗ್ಗಿಸಿಕೊಂಡು, ಧೈರ್ಯ ಬಂದ ಹಾಗೆ ಸ್ವಲ್ಪ ಸ್ವಲ್ಪವೇ ಏರಿಸುವುದು ತಪ್ಪಲ್ಲ. ತಗ್ಗಿಸಿದ್ದನ್ನು ಹಾಗೆಯೇ ಬಿಟ್ಟರೆ ಮೊಣಕಾಲು ನೋವು ಖಂಡಿತ.

ಮಹಿಳೆಯರ ಸೈಕಲಿನ ವಿಚಾರದಲ್ಲಿ ನಮ್ಮ ಅಂಗಡಿಗಳ ಆಯ್ಕೆ ಬಹಳ ಕಿರಿದು ಎಂಬ ಕೊರಗು ನನಗಿದೆ. ‘ಲೇಡೀಸ್ ಸೈಕಲ್’ ಎಂದು ಕೇಳಿದರೆ ಶಾಲೆಯ ಹುಡುಗಿಯರಿಗೆಂದು ಮಾಡಿದ, ಮುಂದೆ ಬುಟ್ಟಿಯಿರುವ, ಗೇರಿಲ್ಲದ ಸೈಕಲನ್ನು ತೋರಿಸುತ್ತಾರೆ. ಬಾರ್ ಇಲ್ಲದ ಚೌಕಟ್ಟು ಸೀರೆ ಉಟ್ಟವರಿಗೆ ಅನುಕೂಲ ಎಂಬುದು ನಿಜ. ನೆರಿಗೆಯನ್ನು ಹಿಂದಕ್ಕೆ ಮಾಡಿ ಉಡುವ ಕೊಡವ ಸೀರೆಗೆ ಹಿಂದಿನ ಗಾಲಿಗೆ ಸೀರೆ ಗಾರ್ಡ್, ಚೈನಿಗೆ ಪೂರ್ತಿ ಮುಚ್ಚುವ ಕವಚ ಎರಡೂ ಬೇಕೇ ಬೇಕು. ಆದರೆ ಅಂಥ ಚೌಕಟ್ಟಿಗೇ ಏಳು ಗೇರ್ ಜೋಡಿಸಿದ ಮಾದರಿಗಳೂ ತಯಾರಾಗುತ್ತವೆ, ತರಿಸಿಕೊಡಿ ಎಂದು ಒತ್ತಾಯಿಸಬೇಕು. ಅಂಗನವಾಡಿಗೋ ಬ್ಯಾಂಕಿಗೋ ಹೋಗುವ ಮಹಿಳೆ ಹತ್ತುವ ಏರು ಗಂಡಸರು ಹತ್ತುವ ಏರಿಗಿಂತ ಸಪಾಟಾಗಿರುವುದಿಲ್ಲವಲ್ಲ. ಸೊಂಟ ಬಿಗಿಯಾಗಿ ಕಾಲನ್ನು ಹಿಂದಿನಿಂದ ಬೀಸಿ ಹತ್ತಲಾಗದ ಹಿರಿಯ ಗಂಡಸರಿಗೂ ಬಾರ್ ಇಲ್ಲದ ಸೈಕಲೇ ಕ್ಷೇಮ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಟೈರಿನ ವಿಷಯದಲ್ಲಿ ಎರಡು ಅತಿಗಳು ಮಾರುಕಟ್ಟೆಯಲ್ಲಿವೆ. ಸಪೂರ ಟೈರಿನ ರೇಸಿಂಗ್ ಸೈಕಲ್ ಮಳೆಗಾಲದ ಗುಂಡಿಗಳಿಗೆ ತಕ್ಕದ್ದಲ್ಲ. ಮೋಟರ್ ಸೈಕಲಿನ ಟೈರಿನಷ್ಟು ದಪ್ಪನೆಯ ಫ್ಯಾಟ್ ಬೈಕ್ ನೋಡಲು ಗಂಭೀರವಾಗಿ ಕಂಡರೂ ಏರಿನಲ್ಲಿ ಎಳೆಯುವವರಿಗೆ ಅದರ ಭಾರ ತಿಳಿಯುತ್ತದೆ. ಡಾಂಬರು ರಸ್ತೆಯ ಜೊತೆಗೆ ಅಷ್ಟಿಷ್ಟು ತೋಟದ ದಾರಿಯಲ್ಲೂ ಓಡಾಡುವವರಿಗೆ 40ರಿಂದ 50 ಮಿಲಿಮೀಟರ್ ಅಗಲದ, ನಡುವೆ ನುಣುಪಾಗಿ ಅಂಚಿನಲ್ಲಿ ಕಚ್ಚುಗಳಿರುವ ಟೈರು ಸಾಕು. ಗಾಲಿಯ ಅಳತೆಗಳ ಹೆಸರು ಗೊಂದಲ ಹುಟ್ಟಿಸುತ್ತವೆ: 700ಸಿ ಎಂದೂ 29 ಇಂಚು ಎಂದೂ ಕರೆಯುವ ಎರಡರ ರಿಮ್ಮೂ 622 ಮಿಲಿಮೀಟರೇ, 27.5 ಇಂಚಿನದು 584, ಸಾಮಾನ್ಯ ಮೌಂಟನ್ ಬೈಕಿನ 26 ಇಂಚಿನದು 559. ಟೈರಿನ ಪಕ್ಕದಲ್ಲಿ ‘40-622’ ಎಂಬಂತೆ ಉಬ್ಬಕ್ಷರದಲ್ಲಿ ಇರುವ ಸಂಖ್ಯೆಯನ್ನು ಬರೆದುಕೊಂಡರೆ ಟ್ಯೂಬು ಟೈರು ಕೊಳ್ಳುವಾಗ ಮೋಸಹೋಗುವ ಪ್ರಮೇಯವಿಲ್ಲ. ಆ ಅಳತೆಯ ಟ್ಯೂಬು ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಸಿಗುತ್ತದೆಯೇ, ಅಥವಾ ಪಂಕ್ಚರ್ ಆದಾಗಲೆಲ್ಲ ಮೈಸೂರಿನ ದಾರಿ ಕಾಯಬೇಕೇ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು.

ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನಲ್ಲಿ ಸ್ಪ್ರಿಂಗ್ ಇರುವ ಸೈಕಲಿಗೇ ಎಲ್ಲರೂ ಮನಸೋಲುತ್ತಾರೆ. ಕಡಿಮೆ ಬೆಲೆಯ ಸೈಕಲಿನ ಸ್ಪ್ರಿಂಗ್ ಫೋರ್ಕು ಸಾದಾ ಫೋರ್ಕಿಗಿಂತ ಒಂದು ಒಂದೂವರೆ ಕಿಲೋದಷ್ಟು ಹೆಚ್ಚು ತೂಗುತ್ತದೆ, ಏರಿನಲ್ಲಿ ಎದ್ದು ತುಳಿಯುವಾಗ ಕಾಲಿನ ಬಲವನ್ನು ತಾನೇ ನುಂಗುತ್ತ ಕುಣಿಯುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಒಳಗೆ ನೀರು ಸೇರಿ ಬಿಗಿದುಕೊಳ್ಳುತ್ತದೆ. ಹಿಂದೆಯೂ ಮುಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಸೈಕಲನ್ನಂತೂ ವಯಸ್ಕರು ಯಾರೂ ಕೊಳ್ಳಬಾರದು. ಸಾದಾ ಫೋರ್ಕು, ಸ್ವಲ್ಪ ಅಗಲದ ಟೈರು, ಅದರಲ್ಲಿ ಹದವಾದ ಗಾಳಿ ಇದ್ದರೆ ನಮ್ಮ ರಸ್ತೆಯ ಅದುರನ್ನು ತಡೆಯಲು ಸಾಕಾಗುತ್ತದೆ. ತೊಂಬತ್ತು ಕಿಲೋ ದಾಟಿದ ಸವಾರರು ಫೋರ್ಕಿಗೆ ಸುರಿಯುವ ಹಣವನ್ನು ಗಟ್ಟಿಯಾದ ಎರಡು ಪದರದ ರಿಮ್ಮಿಗೂ 36 ಕಡ್ಡಿಯ ಗಾಲಿಗೂ ಹಾಕಲಿ. ಹಳೆಯ ಡಬ್ಬಲ್ ಬಾರ್ ಸೈಕಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದದ್ದು ಸುಮ್ಮನೆ ಅಲ್ಲ. ಭಾರ ಬೀಳುವುದು ಹಿಂದಿನ ಗಾಲಿಯ ಮೇಲೆ ಎಂಬುದನ್ನು ಅರಿತು ಮಾಡಿದ್ದು ಅದು. ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆಯ ಕಡೆಗೆ ಗದ್ದೆ ಬಯಲಿನ ದಾರಿಯಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಹೋಗುವವರಿಗೆ ಈಗಲೂ ಆ ಸೈಕಲನ್ನು ಮೀರಿಸಿದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹಾಗೆ ಉಳಿದ ಹಣದಲ್ಲಿ ಇನ್ನೂ ದುಬಾರಿ ಮಾದರಿಯತ್ತ ಕೈಚಾಚುವ ಬದಲು ಪೂರ್ತಿ ಉದ್ದದ ಮಡ್‌ಗಾರ್ಡ್, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ, ಗಟ್ಟಿಯಾದ ಕ್ಯಾರಿಯರ್ ಹಾಕಿಸಿಕೊಳ್ಳುವುದು ಜಾಣತನ. ಮಂಜು ಮುಸುಕಿದ ಬೆಳಗಿನಲ್ಲಿ ಹಿಂದಿನಿಂದ ಬರುವ ಜೀಪಿಗೆ ನಾವು ಕಾಣಬೇಕೆಂದರೆ ಹಗಲಿನಲ್ಲೂ ದೀಪ ಉರಿಯುತ್ತಿರಬೇಕು. ಕಾಡಾನೆಗಳ ಓಡಾಟವಿರುವ ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಆನೆಕಾಡು ಭಾಗದವರಿಗೆ ನಾನು ಹೇಳಿಕೊಡಬೇಕಾದದ್ದಿಲ್ಲ. ಆದರೆ ಹೊಸದಾಗಿ ಸೈಕಲ್ ಕೊಂಡ ಹೊರಗಿನವರು ಒಂದನ್ನು ನೆನಪಿಡಬೇಕು. ಸದ್ದಿಲ್ಲದೆ ಸಾಗುವ ಸೈಕಲ್ ಕಾಡಾನೆಗೆ ತೀರ ಹತ್ತಿರ ಬರುವವರೆಗೂ ಗೊತ್ತಾಗುವುದಿಲ್ಲ. ನಸುಕಿನಲ್ಲೂ ಮುಸ್ಸಂಜೆಯಲ್ಲೂ ಆ ದಾರಿಗಳಲ್ಲಿ ಸೈಕಲ್ ಸವಾರಿ ಬೇಡವೇ ಬೇಡ.

ಬ್ಯಾಟರಿ ಸೈಕಲಿನ ಬಗ್ಗೆಯೂ ಜನ ಕೇಳುತ್ತಾರೆ. 250 ವ್ಯಾಟಿಗಿಂತ ಕಡಿಮೆ ಶಕ್ತಿಯ ಮೋಟರ್, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಗರಿಷ್ಠ ವೇಗ ಇರುವ, ನಿಯಮಕ್ಕೆ ಒಳಪಟ್ಟ ವಾಹನಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಹೃದಯದ ತೊಂದರೆಯಿಂದಲೋ ಸವೆದ ಮೊಣಕಾಲಿನಿಂದಲೋ ಏರು ಹತ್ತಲು ಅಂಜುವವರಿಗೆ, ವೈದ್ಯರ ಒಪ್ಪಿಗೆ ಪಡೆದು, ಇದು ನಿಜವಾದ ವರ. ಸವಾರ ಮತ್ತು ಸೈಕಲ್ ಸೇರಿ ನೂರು ಕಿಲೋ ಎಂದಿಟ್ಟುಕೊಂಡರೆ, ಕುಶಾಲನಗರದಿಂದ ಮಡಿಕೇರಿಯ ಮುನ್ನೂರು ಮೀಟರ್ ಎತ್ತರಕ್ಕೆ ಏರಲೆಂದೇ ಸುಮಾರು 80 ವ್ಯಾಟ್-ಗಂಟೆ ಶಕ್ತಿ ಬೇಕು. ದಾರಿಯ ಇಳಿತ ಏರುಗಳು, ಗಾಳಿ, ಮೋಟರಿನ ನಷ್ಟ ಸೇರಿದರೆ ಅದರ ಎರಡು ಮೂರು ಪಟ್ಟು ಖರ್ಚಾಗುತ್ತದೆ. ಮೂವತ್ತಾರು ವೋಲ್ಟ್, ಹತ್ತು ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು ಒಟ್ಟು 360 ವ್ಯಾಟ್-ಗಂಟೆ. ಆದ್ದರಿಂದ ‘ಒಂದು ಚಾರ್ಜಿಗೆ ಇಷ್ಟು ಕಿಲೋಮೀಟರ್’ ಎಂಬ ಜಾಹೀರಾತಿನ ಸಂಖ್ಯೆಯನ್ನು ಸಮತಟ್ಟು ನೆಲದ ಲೆಕ್ಕವೆಂದೇ ತಿಳಿಯಬೇಕು. ಇದರಲ್ಲಿಯೂ ಪೆಡಲ್ ತುಳಿದಾಗ ಮಾತ್ರ ನೆರವಾಗುವ ಮತ್ತು ಗೇರ್ ಇರುವ ಮಾದರಿಯೇ ನಮಗೆ ಸರಿ. ಗೇರಿಲ್ಲದೆ ಗಾಲಿಯ ನಡುವಿನ ಮೋಟರನ್ನೇ ನೆಚ್ಚಿ ಕಡಿದಾದ ಏರಿನಲ್ಲಿ ತೆವಳಿದರೆ ಮೋಟರ್ ಬಿಸಿಯಾಗುತ್ತದೆ, ಬ್ಯಾಟರಿ ದಾರಿಯಲ್ಲೇ ಮುಗಿದರೆ ಇಪ್ಪತ್ತು ಕಿಲೋ ದಾಟಿದ ಸೈಕಲನ್ನು ತಳ್ಳಿಕೊಂಡು ಬರಬೇಕಾಗುತ್ತದೆ.

ಹಳೆಯ ಸೈಕಲ್ ಕೊಳ್ಳುವವರು ಬಣ್ಣವನ್ನು ಬಿಟ್ಟು ಮೂರು ಕಡೆ ಕಣ್ಣಿಡಲಿ: ಚೌಕಟ್ಟಿನ ಬೆಸುಗೆಗಳ ಬಳಿ ಕೂದಲೆಳೆಯ ಬಿರುಕು, ಗಾಲಿ ತಿರುಗಿಸಿದಾಗ ರಿಮ್ಮಿನ ವಾಲಾಟ, ಮತ್ತು ಸೀಟಿನ ಕಂಬ ಸಡಿಲಿಸಿದರೆ ಮೇಲೆ ಕೆಳಗೆ ಸರಾಗವಾಗಿ ಜಾರುತ್ತದೆಯೇ ಎಂಬುದು. ಕೊಡಗಿನ ತೇವದಲ್ಲಿ ವರ್ಷಗಟ್ಟಲೆ ನಿಂತ ಸೈಕಲಿನ ಕಂಬ ತುಕ್ಕಿನಿಂದ ಕೊಳವೆಗೆ ಅಂಟಿಹೋಗಿದ್ದರೆ ಅದನ್ನು ನಮ್ಮ ಅಳತೆಗೆ ತರಲು ಆಗುವುದೇ ಇಲ್ಲ.

ಕೊನೆಯದಾಗಿ ಜಿಲ್ಲೆಯ ಸೈಕಲ್ ವ್ಯಾಪಾರಿಗಳಲ್ಲಿ ನನ್ನ ವಿನಂತಿ. ಪ್ರತಿ ಸೈಕಲಿಗೆ ಬೆಲೆಯ ಚೀಟಿಯ ಪಕ್ಕದಲ್ಲೇ ಅದರ ಅತ್ಯಂತ ಹಗುರವಾದ ಗೇರಿನ ಹಲ್ಲುಗಳ ಲೆಕ್ಕ, ಚೌಕಟ್ಟಿನ ಅಳತೆ, ರಿಮ್ಮು ಯಾವ ಲೋಹದ್ದು ಎಂಬ ಮೂರು ಸಾಲನ್ನು ಕನ್ನಡದಲ್ಲಿ ಬರೆದು ತೂಗುಹಾಕಲಿ. ಒಂದು ಗುರುತಿನ ಚೀಟಿಯನ್ನು ಇಟ್ಟುಕೊಂಡಾದರೂ ಸರಿ, ಅಂಗಡಿಯ ಮುಂದಿನ ನಾಲ್ಕು ಮಾರು ಜಾಗಕ್ಕೆ ಸೀಮಿತಗೊಳಿಸದೆ ಹತ್ತಿರದ ಒಂದು ಏರಿನವರೆಗೆ ತುಳಿದು ನೋಡಲು ಗ್ರಾಹಕರಿಗೆ ಅವಕಾಶ ಕೊಡಲಿ. ಮಡಿಕೇರಿ, ವಿರಾಜಪೇಟೆಗಳಲ್ಲಿ ಏರಿಗೇನೂ ಬರವಿಲ್ಲ. ಹೊಸ ಸೈಕಲಿನ ತಂತಿಗಳು ಮೊದಲ ತಿಂಗಳಲ್ಲಿ ಹಿಗ್ಗಿ, ಕಡ್ಡಿಗಳು ಸಡಿಲಗೊಂಡು ಗೇರೂ ಬ್ರೇಕೂ ಹದ ತಪ್ಪುವುದು ಸಹಜ. ಆಗ ಉಚಿತವಾಗಿ ಒಮ್ಮೆ ಬಿಗಿಮಾಡಿಕೊಡುವ ಭರವಸೆಯನ್ನು ಬಿಲ್ಲಿನ ಮೇಲೆಯೇ ಬರೆದುಕೊಡಲಿ, ಗ್ರಾಹಕರೂ ಅದನ್ನು ಬರೆಸಿಕೊಳ್ಳದೆ ಹಣ ಎಣಿಸದಿರಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ವಿಜ್ಞಾನ ಶಿಕ್ಷಕ
ವಿರಾಜಪೇಟೆ ತಾಲ್ಲೂಕು, ಕೊಡಗು